ವಿದ್ಯಾರ್ಥಿಗೆ ಆಸರೆ, ವಿದ್ಯಾಲಯಕ್ಕೆ ಊರು

'ವಿದ್ಯಾರ್ಥಿ' ಎಂಬುದು ವಿದ್ಯಾ, ಅರ್ಥೀ ಎಂಬೆರಡು ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿ ಆದ ಶಬ್ದವೆಂದು ಎಂಟನೆಯ ಇಯತ್ತೆಯ ಮಕ್ಕಳಿಗೂ ಪಾಠ ಹೇಳುತ್ತೇವೆ. ಸಂಧಿಯನ್ನು ಬಿಡಿಸಿ ತೋರಿಸಿ, ಮುಂದಿನ ಉದಾಹರಣೆಗೆ ಹೋಗಿಬಿಡುವುದು ನಮ್ಮ ರೂಢಿ. ಅರ್ಥೀ ಎಂದರೆ ಬೇಡುವವನು, ಯಾಚಕ. ವಿದ್ಯೆಯನ್ನು ಬೇಡುವವನು ವಿದ್ಯಾರ್ಥಿ. ಆದರೆ ವಿದ್ಯೆಯನ್ನು ಬೇಡುವುದಕ್ಕೂ ಮೊದಲು ಅವನಿಗೆ ಅನ್ನ ಬೇಕು, ಮಲಗಲು ಜಾಗ ಬೇಕು, ಓದಲು ದೀಪ ಬೇಕು, ಪರೀಕ್ಷೆಯ ಶುಲ್ಕ ಬೇಕು. ಇವನ್ನೆಲ್ಲ ಬೇಡಬೇಕಾಗಿ ಬಂದಾಗ ಮಾನವುಳ್ಳ ಹುಡುಗನು ಬಾಯಿ ಬಿಡುವುದಿಲ್ಲ. ಸುಮ್ಮನೆ ಶಾಲೆಯನ್ನು ಬಿಡುತ್ತಾನೆ. ಶಾಲೆಯನ್ನು ಬಿಟ್ಟವನು ಏಕೆ ಬಿಟ್ಟನೆಂದು ಕೇಳುವವರು ಯಾರು ಎಂಬುದೇ ಈ ಲೇಖನದ ವಿಷಯ.

ಈಚಿನ ವರುಷಗಳಲ್ಲಿ ಕಾಲೇಜುಗಳ ವಾರ್ಷಿಕ ವರದಿಗಳನ್ನು ತೆರೆದರೆ 'ವಿದ್ಯಾರ್ಥಿ ಬೆಂಬಲ ಸೇವೆಗಳು', 'ಸಮುದಾಯದೊಡನೆ ಸಹಭಾಗಿತ್ವ' ಎಂಬೆರಡು ಶೀರ್ಷಿಕೆಗಳು ತಪ್ಪದೆ ಕಾಣುತ್ತವೆ. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ಕಾಲೇಜುಗಳನ್ನು ತೂಗಿ ನೋಡಲು ಇಟ್ಟುಕೊಂಡ ಮಾನದಂಡಗಳಲ್ಲಿ ಇವೆರಡಕ್ಕೂ ಸ್ಥಾನ ದೊರೆತ ಮೇಲಂತೂ ಇವುಗಳಿಗಾಗಿ ಬೇರೆ ಬೇರೆ ಕಡತಗಳು, ಬೇರೆ ಬೇರೆ ಸಮಿತಿಗಳು ಹುಟ್ಟಿಕೊಂಡಿವೆ. ಹೆಸರುಗಳು ಹೊಸವು, ವಸ್ತು ನಮಗೆ ಹಳೆಯದು. ಅಷ್ಟೇ ಅಲ್ಲ, ಇವು ಎರಡು ವಿಷಯಗಳಲ್ಲ, ಒಂದೇ ವಿಷಯ. ಎರಡು ಕಡತಗಳಾಗಿ ಒಡೆದಾಗಲೇ ಅದರ ಜೀವ ಹೋಗುತ್ತದೆ. ಇದನ್ನು ಮನಗಾಣಬೇಕಾದರೆ ನಮ್ಮ ಭಾಗದಲ್ಲಿ ಬಡ ವಿದ್ಯಾರ್ಥಿಗಳಿಗೆ ಆಸರೆ ಹೇಗೆ ದೊರೆಯಿತೆಂಬ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಮೊದಲು ಇದ್ದುದು ವಾರಾನ್ನ. ಪರಊರಿನಲ್ಲಿ ಓದುವ ಹುಡುಗನು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವ ಪದ್ಧತಿ. ನನಗೆ ವ್ಯಾಕರಣ ಹೇಳಿಕೊಟ್ಟ ಗುರುಗಳು ಹಾಗೆ ಓದಿದವರು. ಅವರಿಗೆ ಬುಧವಾರದ ಮನೆ ಕೊನೆಯವರೆಗೂ ಸಿಕ್ಕಲಿಲ್ಲ. ಮುಪ್ಪಿನ ಕಾಲದಲ್ಲಿ ಹೊಟ್ಟೆತುಂಬ ಉಂಡಿದ್ದರೂ ಬುಧವಾರ ಬಂದರೆ ಹಸಿವಾದಂತೆ ಅನ್ನಿಸುತ್ತದೆಂದು ಅವರು ನಗುತ್ತ ಹೇಳುತ್ತಿದ್ದರು. ವಾರಾನ್ನವನ್ನು ಹಾಕಿದ ತಾಯಂದಿರ ಪುಣ್ಯ ದೊಡ್ಡದು, ಸಂದೇಹವಿಲ್ಲ. ಆದರೆ ಅದರಲ್ಲಿ ಎರಡು ಕೊರತೆಗಳಿದ್ದವು. ಹುಡುಗನು ದಿನವೂ ಒಬ್ಬರ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಆ ಬಾಗಿಲೂ ಜಾತಿಯನ್ನು ನೋಡಿ ತೆರೆಯುತ್ತಿತ್ತು. ಹೊಲ ಊಳುವವರ ಮಕ್ಕಳಿಗೆ, ಚರ್ಮದ ಕೆಲಸ ಮಾಡುವವರ ಮಕ್ಕಳಿಗೆ ಪೇಟೆಯಲ್ಲಿ ಏಳು ಮನೆಗಳಿರಲಿ, ಒಂದು ಮನೆಯೂ ದುರ್ಲಭವಾಗಿತ್ತು.

ಇದಕ್ಕೆ ಪರಿಹಾರವನ್ನು ಮೊದಲು ವ್ಯವಸ್ಥಿತವಾಗಿ ಕಂಡುಕೊಂಡವರು ಕೊಲ್ಲಾಪುರದ ಶಾಹೂ ಮಹಾರಾಜರು. ನಮ್ಮ ಹುಕ್ಕೇರಿ ಭಾಗದವರಿಗೆ ಕೊಲ್ಲಾಪುರವು ಬೆಳಗಾವಿಯಂತೆಯೇ ಪರಿಚಿತವಾದ ಊರು. ಅಲ್ಲಿ ಶಾಲೆ ಕಾಲೇಜುಗಳಿದ್ದರೂ ಹಳ್ಳಿಯ ಹುಡುಗರು ಬರುತ್ತಿರಲಿಲ್ಲ, ಬಂದರೂ ನಿಲ್ಲುತ್ತಿರಲಿಲ್ಲ. ಕೊರತೆ ಇದ್ದುದು ಪಾಠದಲ್ಲಿ ಅಲ್ಲ, ಊಟ ವಸತಿಗಳಲ್ಲಿ ಎಂದು ಮಹಾರಾಜರು ಅರಿತರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗ್ ತೆರೆಯಿತು. ಅದರ ಹಿಂದೆಯೇ ಜೈನರದು, 1906ರಲ್ಲಿ ಮುಸಲ್ಮಾನರದು, 1907ರಲ್ಲಿ ವೀರಶೈವ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಹೀಗೆ ಸಾಲುಸಾಲಾಗಿ ವಸತಿಗೃಹಗಳು ಎದ್ದವು. ಜಾತಿಗೊಂದು ವಸತಿಗೃಹವೇ ಎಂದು ಇಂದಿನವರು ಮೂಗು ಮುರಿಯಬಹುದು. ಒಂದೇ ಪಂಕ್ತಿಯಲ್ಲಿ ಉಣ್ಣಲೊಲ್ಲದ ಕಾಲದಲ್ಲಿ ಎಲ್ಲರಿಗೂ ಪಂಕ್ತಿಯೇ ಇಲ್ಲದಂತಾಗುವುದಕ್ಕಿಂತ ಅದು ಮೇಲಾಗಿತ್ತು. ಮುಂದಿನ ಹೆಜ್ಜೆಯನ್ನು ಅದೇ ಕೊಲ್ಲಾಪುರದಲ್ಲಿ ಓದಿದ ಕರ್ಮವೀರ ಭಾವುರಾವ್ ಪಾಟೀಲರು ಇಟ್ಟರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 1924ರಲ್ಲಿ ಸಾತಾರೆಯಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಒಟ್ಟಿಗೆ ಇಟ್ಟು, ಒಟ್ಟಿಗೆ ದುಡಿಸಿ, ಒಟ್ಟಿಗೆ ಉಣಿಸಿದರು. ಖರ್ಚಿಗೆ ಮುಷ್ಟಿ ಫಂಡು: ಮನೆಯಾಕೆ ದಿನವೂ ಬೀಸುವ ಮುನ್ನ ಒಂದು ಹಿಡಿ ಕಾಳನ್ನು ಬೇರೆ ಗಡಿಗೆಯಲ್ಲಿ ಹಾಕಿಡಬೇಕು, ಅದನ್ನು ಸಂಸ್ಥೆಯವರು ಬಂದು ಒಯ್ಯಬೇಕು.

ನಮ್ಮ ಕಡೆಯ ಕಥೆಯೂ ಇದೇ ಕಾಲದ್ದು. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಕಟ್ಟಿದ ಸಂಗತಿ, ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟ ಸಂಗತಿ, ಅವರ ಹೆಸರಿನ ಕಾಲೇಜು 1933ರಲ್ಲಿ ಆರಂಭವಾದ ಸಂಗತಿ ಈ ಸಂಚಿಕೆಯ ವಾಚಕರಿಗೆ ತಿಳಿದೇ ಇದೆ. ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಆದರೆ ಕಾಲೇಜಿನ ಕಲ್ಲುಗೋಡೆ ಎದ್ದ ಮಾತ್ರಕ್ಕೆ ಹಳ್ಳಿಯ ಹುಡುಗನು ಒಳಗೆ ಬರುವುದಿಲ್ಲ. ಅದೇ ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು, ಅದಕ್ಕೂ ಮೊದಲೇ ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದ ನಿಲಯಗಳನ್ನು ನಡೆಸಿದರು. ಕಾಲೇಜು ಕಟ್ಟಿದವರನ್ನು ನಾವು ಹಾಡಿ ಹೊಗಳುತ್ತೇವೆ. ಆ ಕಾಲೇಜಿಗೆ ಹೋಗುವವರ ಹೊಟ್ಟೆಯನ್ನು ನೋಡಿಕೊಂಡವರನ್ನು ಅಷ್ಟಾಗಿ ನೆನೆಯುವುದಿಲ್ಲ. ಇಬ್ಬರೂ ಇರದಿದ್ದರೆ ಉತ್ತರ ಕರ್ನಾಟಕದ ವಕೀಲರು, ವೈದ್ಯರು, ಮಾಸ್ತರರು ಇಷ್ಟು ಸಂಖ್ಯೆಯಲ್ಲಿ ಹೊರಬರುತ್ತಿರಲಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು (1907–2019) ಈ ಕಾರ್ಯವನ್ನು ಎಷ್ಟು ಎತ್ತರಕ್ಕೆ ಒಯ್ದರೆಂಬುದಕ್ಕೆ ಅಲ್ಲಿ ಜಾತಿಮತಗಳ ಭೇದವಿಲ್ಲದೆ ಉಂಡು ಓದುವ ಎಂಟು ಹತ್ತು ಸಾವಿರ ಮಕ್ಕಳೇ ಸಾಕ್ಷಿ.

ಪ್ರಸಾದ ನಿಲಯವು ಹೇಗೆ ನಡೆಯುತ್ತಿತ್ತೆಂಬುದನ್ನು ತರುಣ ಶಿಕ್ಷಕರಿಗಾಗಿ ಕೊಂಚ ವಿವರಿಸುತ್ತೇನೆ. 1980ರ ದಶಕದಲ್ಲಿ ಇಂಥದೊಂದು ನಿಲಯದಲ್ಲಿ ಉಂಡು ಬೆಳೆದವನು ನಾನು. ಸುಗ್ಗಿಯ ಕಾಲಕ್ಕೆ ಸ್ವಾಮಿಗಳು ಇಲ್ಲವೆ ಅವರ ಪರವಾಗಿ ಮಠದ ಹಿರಿಯರು ಹಳ್ಳಿಗಳಿಗೆ ಹೋಗುತ್ತಿದ್ದರು. ಕಣದಲ್ಲಿ ರಾಶಿ ಮುಗಿದು ಚೀಲಗಳಿಗೆ ತುಂಬುವ ಹೊತ್ತಿಗೆ ಮಠದ ಪಾಲು ಬೇರೆಯಾಗುತ್ತಿತ್ತು. ಉಳ್ಳವರು ಚೀಲ ಕೊಟ್ಟರೆ ಇಲ್ಲದವರು ಸೇರು ಕೊಡುತ್ತಿದ್ದರು. ಜೋಳ, ಗೋದಿ, ಕಡಲೆ, ಬೆಲ್ಲ, ಮೆಣಸಿನಕಾಯಿ, ಕಟ್ಟಿಗೆ ಎಲ್ಲವೂ ಚಕ್ಕಡಿಯಲ್ಲಿ ಬರುತ್ತಿದ್ದವು. ಚಕ್ಕಡಿ ಹೊಡೆದುಕೊಂಡು ಬಂದ ರೈತನು ಕಾಳನ್ನು ಇಳಿಸಿ ಹಾಗೆಯೇ ಹೊರಳಿ ಹೋಗುತ್ತಿರಲಿಲ್ಲ. ನಮ್ಮ ಪಂಕ್ತಿಯಲ್ಲೇ ಕುಳಿತು ಪ್ರಸಾದ ಸ್ವೀಕರಿಸಿ, ತನ್ನ ಊರಿನ ಹುಡುಗನನ್ನು ಕರೆದು, ಅವನ ಎದುರಿಗೇ ಸ್ವಾಮಿಗಳನ್ನು ಕೇಳುತ್ತಿದ್ದನು: "ಬುದ್ಧೀ, ನಮ್ಮೂರ ಹುಡುಗ ಹೆಂಗ ಓದಾಕತ್ತಾನ್ರಿ?" ಸ್ವಾಮಿಗಳು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು: "ಗಣಿತದಾಗ ಕಚ್ಚಾ ಅದಾನ. ಸೂಟಿಯಾಗ ಹೊಲಕ್ಕ ಕರಕೊಂಡು ಹೋಗಬ್ಯಾಡ್ರಿ, ಇಲ್ಲೇ ಬಿಡ್ರಿ." ಆ ರೈತನು ಹುಡುಗನ ತಂದೆಯೇ ಆಗಿರಬೇಕೆಂದಿರಲಿಲ್ಲ, ಅನೇಕ ವೇಳೆ ಅಲ್ಲ. ಆದರೂ ಸುದ್ದಿ ಸಂಜೆಯೊಳಗೆ ಮನೆಗೆ ಮುಟ್ಟುತ್ತಿತ್ತು.

ಇಲ್ಲಿ ಸಹೃದಯರು ಗಮನಿಸಬೇಕಾದ ಅಂಶವೊಂದಿದೆ. ಕಾಳು ಸಂಗ್ರಹಿಸುವ ಸಂಚಾರವೇ ಸಮಾಚಾರದ ಸಂಚಾರವೂ ಆಗಿತ್ತು. ಯಾವ ಮನೆಯಲ್ಲಿ ಎತ್ತು ಸತ್ತಿದೆ, ಯಾವ ಹುಡುಗಿಗೆ ಲಗ್ನ ಗೊತ್ತಾಗಿದೆ, ಯಾವ ಹುಡುಗ ಜಾಣನಿದ್ದೂ ಕುರಿ ಕಾಯಲು ನಿಂತಿದ್ದಾನೆ ಎಂಬುದು ಭಿಕ್ಷೆಗೆ ಹೋದವರಿಗೆ ತಾನಾಗಿ ತಿಳಿಯುತ್ತಿತ್ತು. ಬರುವಾಗ ಅವರು ಜೋಳದ ಜೊತೆಗೆ ಒಬ್ಬಿಬ್ಬರು ಹುಡುಗರನ್ನೂ ಕರೆದುಕೊಂಡು ಬರುತ್ತಿದ್ದರು. ಇಂದು ಬೆಂಬಲ ಸೇವೆ, ಸಮುದಾಯ ಸಹಭಾಗಿತ್ವ ಎಂದು ಎರಡು ಹೆಸರಿನಿಂದ ಕರೆಯುವುದು ಅಂದು ಒಂದೇ ಚಕ್ಕಡಿಯಲ್ಲಿ ಬರುತ್ತಿತ್ತು. ಈಗ ದಾನವು ಬ್ಯಾಂಕಿನ ಮೂಲಕ ಬರುತ್ತದೆ. ಅನುಕೂಲವೇ ಸರಿ, ಲೆಕ್ಕವೂ ಶುದ್ಧ. ಆದರೆ ಬ್ಯಾಂಕಿನ ಸಂದೇಶವು "ನಮ್ಮೂರ ಹುಡುಗ ಹೆಂಗ ಓದಾಕತ್ತಾನ" ಎಂದು ಕೇಳುವುದಿಲ್ಲ.

ಕಲಿಯುವವನ ಬೆನ್ನಿಗೆ ನಿಲ್ಲದೆ ಬಾಗಿಲು ತೆರೆದರೆ ಸಾಲದೆಂಬ ತಿಳಿವಳಿಕೆ ನಮ್ಮದೊಂದೇ ಅಲ್ಲ. ಕೊಲ್ಲಾಪುರದಲ್ಲಿ ವಸತಿಗೃಹಗಳು ಆರಂಭವಾದ ಅದೇ 1901ರಲ್ಲಿ ಅಮೇರಿಕೆಯ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ, ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾರದ ಸ್ಥಳೀಯ ಮಕ್ಕಳಿಗಾಗಿ, ಊರ ಹೈಸ್ಕೂಲಿಗೇ ಹೊಂದಿಕೊಂಡು ಎರಡು ವರುಷದ ಕಾಲೇಜೊಂದು ಆರು ಮಂದಿ ವಿದ್ಯಾರ್ಥಿಗಳಿಂದ ತೊಡಗಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು ಇಂಥವುಗಳಿಗೆ 'ಸಮುದಾಯ ಕಾಲೇಜು' ಎಂಬ ಹೆಸರನ್ನು ರೂಢಿಗೆ ತಂದಿತು. ಶಾಲೆ ಮುಗಿಸಿದ ಯಾರಿಗೂ ಪ್ರವೇಶ ನಿರಾಕರಿಸದಿರುವುದು ಅಲ್ಲಿಯ ಸಾಮಾನ್ಯ ನಿಯಮ. ಬಾಗಿಲು ಹೀಗೆ ಅಗಲವಾದಾಗ ದುಡಿಯುತ್ತ ಓದುವವರು, ಮಕ್ಕಳಿರುವ ತಾಯಂದಿರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರು ಬಂದರು. ಬಂದಷ್ಟೇ ಬೇಗ ಅನೇಕರು ಹೊರಟೂ ಹೋದರು. ಆದುದರಿಂದಲೇ ಹಿಂದುಳಿದ ಪಾಠಕ್ಕೆ ಬೇರೆ ಬೋಧನೆ, ಸಲಹೆಗಾರರು, ಹಣದ ನೆರವಿಗೆ ಪ್ರತ್ಯೇಕ ಕಚೇರಿ, ಕೆಲವೆಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇವೆಲ್ಲ ಅಲ್ಲಿಯ ಕಾಲೇಜಿನ ಅಂಗಗಳಾದವು. ನಮ್ಮ ದೇಶದಲ್ಲಿಯೂ 1995ರಲ್ಲಿ ಪುದುಚೇರಿಯ ವಿಶ್ವವಿದ್ಯಾಲಯವು ಈ ಮಾದರಿಯನ್ನು ತಂದಿತು. ಅದಿರಲಿ.

ಈಗ ನಮ್ಮ ಊರಿನ ಕಡೆಗೆ ಬರೋಣ. ಘಟಪ್ರಭೆಯ ನೀರು, ಹಿಡಕಲ್ಲಿನ ಜಲಾಶಯ, ಕಾಲುವೆ, ಕಬ್ಬು ಇವುಗಳಿಂದ ಮೇಲವಂಕಿಯ ಸುತ್ತಿನ ನೆಲ ಹಸಿರಾಗಿದೆ. ಗೋಕಾಕ, ಮೂಡಲಗಿ, ಘಟಪ್ರಭಾ, ಹುಕ್ಕೇರಿಗಳಲ್ಲಿ ಕಾಲೇಜುಗಳಿವೆ. 2010ರಿಂದ ಬೆಳಗಾವಿಯಲ್ಲೇ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವಿದೆ. ಇದೇ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ದಾದಪ್ಪ ಚಿಂತಪ್ಪ ಪಾವಟೆಯವರು ಗಣಿತ ಕಲಿಯಲು ಕೇಂಬ್ರಿಜಿನವರೆಗೆ ಹೋಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಅವರ ಕಾಲಕ್ಕೆ ಹೋಲಿಸಿದರೆ ಇಂದಿನ ಹುಡುಗನಿಗೆ ದಾರಿ ಎಷ್ಟೋ ಹತ್ತಿರ. ಆದರೂ ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ಹುಡುಗರು ಏಕೆ ಕಳಚಿಕೊಳ್ಳುತ್ತಾರೆ?

ಕಾರಣಗಳು ಸಣ್ಣವು, ಸಣ್ಣವಾದ್ದರಿಂದಲೇ ಕಣ್ಣಿಗೆ ಬೀಳುವುದಿಲ್ಲ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವು 2007ರಲ್ಲಿ ಹೈಸ್ಕೂಲಿಗೂ ವಿಸ್ತರಿಸಿತು. ಅದು ಹತ್ತನೆಯ ಇಯತ್ತೆಗೆ ನಿಂತುಬಿಡುತ್ತದೆ. ಮಾರ್ಚಿನವರೆಗೆ ಶಾಲೆಯಲ್ಲಿ ಉಂಡವನು ಜೂನಿನಲ್ಲಿ ಪದವಿಪೂರ್ವ ಕಾಲೇಜಿಗೆ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ, ಸಂಜೆಯವರೆಗೆ ಚಹಾದ ಮೇಲೆ ಇರುತ್ತಾನೆ. ಹಿಂದೆ ಪೇಟೆಯಲ್ಲಿ ಕೋಣೆ ಮಾಡಿದ ಹುಡುಗರಿಗೆ ತಾಯಂದಿರು ರೊಟ್ಟಿಯ ಬುತ್ತಿಗಂಟನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದರು. ಆ ಕಂಡಕ್ಟರರೂ ಒಂದು ಬಗೆಯ ದಾಸೋಹಿಗಳೇ. ಸರಕಾರದ ವಸತಿನಿಲಯಗಳಿವೆ, ಅಲ್ಲಿ ಸ್ಥಾನ ಸಿಗದವರಿಗೆ ಊಟ ವಸತಿಯ ಹಣ ಕೊಡುವ ವಿದ್ಯಾಸಿರಿ ಯೋಜನೆಯನ್ನು 2013-14ರಲ್ಲಿ ತಂದರು, 2021ರಲ್ಲಿ ರೈತರ ಮಕ್ಕಳಿಗೆ ವಿದ್ಯಾನಿಧಿ ಬಂತು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲದಂತಾಗಿ, ಬಸ್ಸಿನ ಖರ್ಚಿನ ನೆಪ ಹೇಳಿ ಮಗಳನ್ನು ಮನೆಯಲ್ಲಿ ಕೂಡಿಸುವುದಕ್ಕೆ ಆಸ್ಪದ ಕಡಿಮೆಯಾಗಿದೆ. ಇದು ಸಾಮಾನ್ಯ ಸಂಗತಿಯಲ್ಲ.

ಆದರೆ ವಿದ್ಯಾರ್ಥಿವೇತನವು ಕೈಗೆ ಬರಬೇಕಾದರೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು, ಆಧಾರ ಕಾರ್ಡು ಬ್ಯಾಂಕಿನ ಖಾತೆಗೆ ಜೋಡಣೆಯಾಗಬೇಕು, ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರದಲ್ಲಿರುವ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು, ಅರ್ಜಿಯನ್ನು ಗಣಕಯಂತ್ರದಲ್ಲಿ ಗಡುವಿನೊಳಗೆ ತುಂಬಬೇಕು. ಮಗನ ಹೆಸರು ಒಂದೆಡೆ 'ಬಸವರಾಜ', ಇನ್ನೊಂದೆಡೆ 'ಬಸಪ್ಪ'. ವ್ಯಾಕರಣಕ್ಕೆ ಇವೆರಡೂ ಅಂಕಿತನಾಮಗಳೇ. ಗಣಕಯಂತ್ರಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರು. ಇದನ್ನು ಸರಿಪಡಿಸಲು ಕೂಲಿ ಬಿಟ್ಟು ಮೂರು ದಿನ ಓಡಾಡಬೇಕಾದ ತಂದೆಯು ನಾಲ್ಕನೆಯ ದಿನ ಕೈಚೆಲ್ಲುತ್ತಾನೆ. ಸರಕಾರದ ಹಣ ಸರಕಾರದಲ್ಲೇ ಉಳಿಯುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ಇದರ ಕಷ್ಟ ಎಲ್ಲರಿಗೂ ತಿಳಿಯಿತು. ಗೋಡೆ ಬಿದ್ದ ಮನೆಯನ್ನು ಕಟ್ಟಬಹುದು; ನೀರಿನಲ್ಲಿ ಹೋದ ಅಂಕಪಟ್ಟಿಯ ಪ್ರತಿಗೆ ಎಲ್ಲಿ ಅರ್ಜಿ ಹಾಕಬೇಕೆಂದು ಹೇಳುವವರು ಬೇಕಲ್ಲ!

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಬಹಳ ವರುಷಗಳ ಹಿಂದೆ ನಾನು ಬೇರೊಂದು ಶಾಲೆಯಲ್ಲಿದ್ದಾಗ ನನ್ನ ವರ್ಗದಲ್ಲಿ ಒಬ್ಬ ಹುಡುಗನಿದ್ದನು. ಛಂದಸ್ಸಿಗೆ ಪ್ರಸ್ತಾರ ಹಾಕುವುದರಲ್ಲಿ ಅವನ ಸರಿಸಮಾನ ಇನ್ನೊಬ್ಬನನ್ನು ನಾನು ಕಂಡಿಲ್ಲ. ಕಂದಪದ್ಯವನ್ನು ಓದಿದೊಡನೆ ಗಣ ಎಲ್ಲಿ ಮುರಿಯುತ್ತದೆಂದು ಬೆರಳು ತೋರಿಸುತ್ತಿದ್ದನು. ದೀಪಾವಳಿಯ ಸೂಟಿಯ ಅನಂತರ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ದಿನವೂ ಗೈರುಹಾಜರಿಯ ಗುರುತು ಹಾಕಿದೆನು. ತಿಂಗಳಾದ ಮೇಲೆ ನಿಯಮದಂತೆ ಹೆಸರು ಹೊಡೆದುಹಾಕಲಾಯಿತು. ಕೆಂಪು ಶಾಯಿಯ ಗೆರೆಯನ್ನು ಎಳೆದವನು ನಾನೇ. ಅವನ ಊರು ಶಾಲೆಯಿಂದ ನಾಲ್ಕು ಮೈಲಿ. ಒಂದು ಸಂಜೆ ಸೈಕಲ್ಲು ಹತ್ತಿ ಹೋಗಿ ಕೇಳಬಹುದಾಗಿತ್ತು. ಕೇಳಲಿಲ್ಲ. ಮುಂದೆ ಆರು ವರುಷಗಳಾದ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಬಳಿ ಅವನೇ ನನ್ನನ್ನು ಗುರುತಿಸಿ ನಮಸ್ಕರಿಸಿದನು. ತಂದೆ ಕಬ್ಬು ಕಡಿಯುವ ಗುಂಪಿನ ಮುಕಾದಮನಿಂದ ಮುಂಗಡ ತೆಗೆದುಕೊಂಡು ಕಾಯಿಲೆ ಬಿದ್ದನಂತೆ. ಆ ಮುಂಗಡವನ್ನು ತೀರಿಸಲು ಮಗ ಕೊಡಲಿ ಹಿಡಿದನಂತೆ. ಮುಂಗಡ ಎಷ್ಟೆಂದು ಕೇಳಿದೆನು. ಅವನು ಹೇಳಿದ ಮೊತ್ತವು ಆ ವರುಷ ನಮ್ಮ ಶಾಲೆಯ ಸಮ್ಮೇಳನದ ಮಂಟಪಕ್ಕೆ ಆದ ಖರ್ಚಿಗಿಂತ ಕಡಿಮೆಯಿತ್ತು. "ನೀವರ ಏನ ಮಾಡ್ತಿದ್ರಿ ಸರ್, ನಾ ಹೇಳಿದ್ದಿಲ್ಲಲ್ಲ" ಎಂದು ಅವನೇ ನನಗೆ ಸಮಾಧಾನ ಹೇಳಿದನು.

ವಿದ್ಯಾರ್ಥಿ ಹೇಳುವುದಿಲ್ಲ. ಕೇಳಬೇಕಾದವರು ನಾವು. ಅರ್ಥೀ ಎಂಬ ಪದವನ್ನು ಅಂದಿನಿಂದ ನಾನು ಸಲೀಸಾಗಿ ಬಿಡಿಸಿ ಹೇಳಿದವನಲ್ಲ.

ಸಮುದಾಯದ ಕಡೆಗೆ ಕಾಲೇಜು ಹೋಗಬೇಕೆಂಬ ಸದುದ್ದೇಶದಿಂದಲೇ ಗಾಂಧೀಜಿಯವರ ಜನ್ಮಶತಾಬ್ದಿಯ ವರುಷ, 1969ರ ಸೆಪ್ಟೆಂಬರ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ವರುಷಕ್ಕೆ 120 ತಾಸು ಸೇವೆ, ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಒಳ್ಳೆಯ ಶಿಬಿರಗಳನ್ನು ನಾನು ಕಂಡಿದ್ದೇನೆ. ಗುಡಿಯ ಅಂಗಳವನ್ನು ಒಂದು ದಿನ ಗುಡಿಸಿ, ಆರು ದಿನ ಭಾಷಣ ಕೇಳಿ, ಚಿತ್ರ ತೆಗೆಯಿಸಿಕೊಂಡು ಬಂದ ಶಿಬಿರಗಳನ್ನೂ ಕಂಡಿದ್ದೇನೆ. ಅದೇ ಏಳು ದಿನಗಳಲ್ಲಿ ಐವತ್ತು ಮಂದಿ ತರುಣರು ಮನೆಮನೆಗೆ ಹೋಗಿ, ಕಾಲೇಜು ಬಿಟ್ಟವರು ಯಾರು, ಯಾರ ಆಧಾರದಲ್ಲಿ ಹೆಸರು ತಪ್ಪಿದೆ, ಯಾರ ಆದಾಯ ಪತ್ರದ ಅವಧಿ ಮುಗಿದಿದೆ ಎಂದು ಬರೆದುಕೊಂಡು ಬಂದರೆ, ರಸ್ತೆ ಗುಡಿಸಿದ್ದಕ್ಕಿಂತ ಊರಿಗೆ ಹೆಚ್ಚಿನ ಉಪಕಾರವಾಗುತ್ತದೆ. ಗುಡಿಸುವುದನ್ನು ಊರವರೇ ಮಾಡಿಕೊಳ್ಳಬಲ್ಲರು.

ಈಗ ದಾನಿಗಳಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಶಾಲೆಗೆ ಮಹಾದ್ವಾರ ಕಟ್ಟಿಸಲು ಉದಾರಿಗಳು ಮುಂದೆ ಬಂದಿರುವುದು ಸಂತೋಷದ ವಿಷಯ. ಕಲ್ಲಿನ ಮೇಲೆ ಹೆಸರು ನಿಲ್ಲುವುದೂ ತಪ್ಪಲ್ಲ. ಪರೀಕ್ಷೆಯ ಶುಲ್ಕ, ಬಸ್ ಪಾಸು, ಪ್ರಮಾಣಪತ್ರದ ಓಡಾಟ ಇಂಥ ಐದುನೂರು ಸಾವಿರ ರೂಪಾಯಿಗಳ ಕೆಲಸಕ್ಕೆ ಹೆಸರಿಲ್ಲದ ಸಣ್ಣ ನಿಧಿಯೊಂದು ಇದ್ದರೆ, ಆ ದ್ವಾರದಿಂದ ಒಳಗೆ ಬಂದವರು ನಡುವೆಯೇ ಹೊರಗೆ ಹೋಗುವುದು ತಪ್ಪುತ್ತದೆ. ಅದಕ್ಕಿಂತಲೂ ಹಣವಿಲ್ಲದ ಸಹಾಯವೊಂದು ಬೇಕಾಗಿದೆ. ಈ ವರುಷದ ಜೂನಿನಿಂದ ಶಾಲೆಯ ಕಚೇರಿಯಲ್ಲಿ ಉದ್ದನೆಯ ವಹಿಯೊಂದನ್ನು ಇಟ್ಟಿದ್ದೇವೆ. ಊರಿಗೊಂದು ಪುಟ. ಪುಟದ ಎಡಕ್ಕೆ ಆ ಊರಿನಿಂದ ಬರುವ, ಇಲ್ಲಿಂದ ಕಾಲೇಜಿಗೆ ಹೋದ ಮಕ್ಕಳ ಹೆಸರು. ಬಲಕ್ಕೆ ಅದೇ ಊರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಹೆಸರು. ಎಡಗಡೆಯ ಮಗು ಮೂರು ದಿನ ಬಾರದಿದ್ದರೆ ಬಲಗಡೆಯವರಿಗೆ ಫೋನು ಹೋಗುತ್ತದೆ. ಅವರು ಸಂಜೆ ಆ ಮನೆಗೆ ಹೋಗಿ ಒಂದು ಮಾತು ಕೇಳಿ ಬಂದರೆ ಸಾಕು. ಮೇಲವಂಕಿಯ ಪುಟದ ಬಲಗಡೆಯಲ್ಲಿ ಸದ್ಯಕ್ಕೆ ನಾಲ್ಕು ಹೆಸರುಗಳಿವೆ. ಹಲವು ಊರುಗಳ ಪುಟಗಳು ಬಲಗಡೆ ಬರಿದಾಗಿವೆ. ಈ ಸಂಚಿಕೆಯನ್ನು ಕೈಗೆ ತೆಗೆದುಕೊಳ್ಳಲು ಬಂದವರು ಕಚೇರಿಯಲ್ಲಿ ಆ ವಹಿಯನ್ನೂ ಕೇಳಿ, ತಮ್ಮ ಊರಿನ ಪುಟವನ್ನು ತೆರೆದು ನೋಡಬೇಕಾಗಿ ಪ್ರಾರ್ಥನೆ.